ಕರೆಂಟ್ ಬಂತು, ನೆಟ್ ಬರಲಿಲ್ಲ: ಮನೆಯ ರೂಟರ್ ತೊಂದರೆಯನ್ನು ಹುಡುಕುವ ಬಗೆ

ಮುಂಗಾರು ಜೋರು ಹಿಡಿದಾಗ ಹಾನಗಲ್ ಸೀಮೆಯಲ್ಲಿ ಕರೆಂಟ್ ಹೋಗಿ ಬರುವುದು ವಾಡಿಕೆ. ಶಿಗ್ಗಾವಿ, ಸವಣೂರು, ಹಿರೇಕೆರೂರಿನಲ್ಲೂ ಏಪ್ರಿಲ್, ಮೇ ತಿಂಗಳ ಅಡ್ಡಮಳೆಗೆ ಹೆಸ್ಕಾಂ ಲೈನ್ ತಾಸೆರಡು ತಾಸು ನಿಲ್ಲುವುದುಂಟು. ಆಮೇಲೆ ಕರೆಂಟ್ ಬರುತ್ತದೆ, ಫ್ಯಾನ್ ತಿರುಗುತ್ತದೆ, ರೂಟರ್‌ನ ಹಸಿರು ದೀಪಗಳೂ ಹತ್ತುತ್ತವೆ. ಆದರೆ ಪಹಣಿ ತೆಗೆಯಲು ಕುಳಿತರೆ ಪುಟ ತೆರೆಯುವುದಿಲ್ಲ. ಝೆರಾಕ್ಸ್ ಅಂಗಡಿಯ ಪ್ರಿಂಟರ್ ‘ಆಫ್‌ಲೈನ್’ ತೋರಿಸುತ್ತದೆ. ಬೀಜ-ಗೊಬ್ಬರದ ಅಂಗಡಿಯಲ್ಲಿ ಒಳಗಿನ ಕಂಪ್ಯೂಟರ್‌ನಲ್ಲಿರುವ ಟ್ಯಾಲಿ ಲೆಕ್ಕ ಗಲ್ಲಾದ ಬಳಿಯ ಕಂಪ್ಯೂಟರ್‌ಗೆ ಸಿಗುವುದಿಲ್ಲ. “ನೆಟ್ ಹೋಗೇತ್ರಿ” ಎಂದು ಕೇಬಲ್‌ನವರಿಗೆ ಫೋನ್ ಹೋಗುತ್ತದೆ. “ನಮ್ಮ ಕಡೆಯಿಂದ ಎಲ್ಲಾ ಸರಿ ಐತ್ರಿ, ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ” ಎಂಬ ಉತ್ತರ ಬರುತ್ತದೆ.

ಇಬ್ಬರೂ ಹೇಳುವುದು ನಿಜವಿರಬಹುದು. ಕಂಬದಿಂದ ಮನೆಗೆ ಬಂದ ಫೈಬರ್ ಸರಿಯಾಗಿಯೇ ಇರುತ್ತದೆ. ಮನೆಯೊಳಗೆ ವಿಳಾಸವೋ ಹೆಸರೋ ತಪ್ಪಿರುತ್ತದೆ. ಅದನ್ನು ಲೈನ್‌ಮನ್ ಬಂದು ನೋಡುವವರೆಗೆ ಕಾಯಬೇಕಿಲ್ಲ. ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ: ಬೆಳಕು ಬರುತ್ತಿದೆಯೇ? ವಿಳಾಸ ಸಿಕ್ಕಿದೆಯೇ? ಹೆಸರು ಸಿಗುತ್ತಿದೆಯೇ? ಕ್ರಮ ಬಿಟ್ಟು ಕೈಗೆ ಸಿಕ್ಕ ಸೆಟ್ಟಿಂಗ್ ಬದಲಿಸಲು ಹೋದರೆ ಒಂದು ತೊಂದರೆ ಎರಡಾಗುತ್ತದೆ.

ಹೆಸರು ಸಂಖ್ಯೆಯಾಗುವ ಬಗೆ

ನೆಟ್‌ವರ್ಕ್‌ನಲ್ಲಿ ಎಲ್ಲ ಸಾಧನಗಳೂ ಒಂದನ್ನೊಂದು ಗುರುತಿಸುವುದು ಸಂಖ್ಯೆಯಿಂದ. ಅದೇ ಐಪಿ ವಿಳಾಸ. ನಾವು ಮಾತ್ರ ಹೆಸರನ್ನು ನೆನಪಿಡುತ್ತೇವೆ. ಹೆಸರನ್ನು ಸಂಖ್ಯೆಯಾಗಿ ತಿಳಿಸಿಕೊಡುವ ಕೆಲಸ ಯಾರಾದರೂ ಮಾಡಲೇಬೇಕು. ಇಂಟರ್‌ನೆಟ್‌ಗೆ ಮೊದಲಿದ್ದ ಅರ್ಪಾನೆಟ್‌ನಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರೂ ಒಂದೇ ಪಟ್ಟಿಯಲ್ಲಿದ್ದವು; ಅದನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ನಿಭಾಯಿಸುತ್ತಿದ್ದರು. ಪಟ್ಟಿ ಬೆಳೆದು ಕೈಮೀರಿದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ಎಂಬ ಹಂಚಿಕೆಯ ವ್ಯವಸ್ಥೆಯನ್ನು ರೂಪಿಸಿದರು. ಇಂದಿಗೂ ನಡೆಯುತ್ತಿರುವುದು ಅದೇ. ಈಗ ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂದು ಕೊನೆಗೊಳ್ಳುವ ಜಾಲತಾಣದ ಹೆಸರನ್ನೂ ಪಡೆಯಬಹುದು.

ಮನೆಯ ಹೊರಗಿನ ಹೆಸರಿಗೂ ಮನೆಯ ಒಳಗಿನ ಹೆಸರಿಗೂ ದಾರಿ ಬೇರೆ ಬೇರೆ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ತೊಂದರೆ ತಾನಾಗಿ ಬಗೆಹರಿಯುತ್ತದೆ. ಬೆಂಗಳೂರಿನಲ್ಲಿರುವ ಒಬ್ಬರ ಮನೆ ಬೇಕಾದರೆ ವಿಳಾಸ ಗೊತ್ತಿದ್ದವರನ್ನು ಕೇಳಬೇಕು. ನಮ್ಮದೇ ಓಣಿಯವರು ಬೇಕಾದರೆ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಿದರೆ ಸಾಕು, “ಓ” ಅನ್ನುತ್ತಾರೆ. ಹೊರಗಿನ ಜಾಲತಾಣದ ಹೆಸರಿಗೆ ರೂಟರ್ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಮನೆಯ ಪ್ರಿಂಟರ್, ಟಿವಿ, ಮತ್ತೊಂದು ಕಂಪ್ಯೂಟರ್‌ನ ಹೆಸರಿಗೆ ನಿಮ್ಮ ಸಾಧನ ಇಡೀ ವೈಫೈಗೆ ಕೇಳುವಂತೆ ಕೂಗು ಹಾಕುತ್ತದೆ. ಎಂಡಿಎನ್‌ಎಸ್ ಎಂದು ಕರೆಯುವ ಈ ಪದ್ಧತಿಯಲ್ಲಿ ಹೆಸರು ‘ಡಾಟ್ ಲೋಕಲ್’ ಎಂದು ಮುಗಿಯುತ್ತದೆ, ಕೂಗು 224.0.0.251 ಎಂಬ ಸಾಮೂಹಿಕ ವಿಳಾಸಕ್ಕೆ ಹೋಗುತ್ತದೆ. ಕೂಗು ಓಣಿ ದಾಟುವುದಿಲ್ಲ. ಮನೆಯಲ್ಲಿ ಎರಡು ರೂಟರ್ ಇಟ್ಟರೆ ಎರಡು ಓಣಿ ಆದಂತೆ. ಪ್ರಿಂಟರ್ ಕಾಣದಿರುವುದಕ್ಕೆ ನಮ್ಮ ಅಂಗಡಿಗಳಲ್ಲಿ ಮತ್ತೆ ಮತ್ತೆ ಸಿಗುವ ಕಾರಣ ಇದು.

ಹುಡುಕುವ ಕ್ರಮ

1. ದೀಪ ನೋಡಿ. ಫೈಬರ್ ಬಂದು ಸೇರುವ ಡಬ್ಬಿಯ ಮೇಲೆ ‘ಪಾನ್’ ಮತ್ತು ‘ಲಾಸ್’ ಎಂಬ ಎರಡು ದೀಪಗಳಿರುತ್ತವೆ. ಪಾನ್ ನಿಂತು ಉರಿಯುತ್ತಿದ್ದರೆ ಸಂಪರ್ಕ ಕೊಟ್ಟ ಕಂಪನಿಯ ಯಂತ್ರದವರೆಗೆ ಸಾಲು ಸರಿಯಿದೆ. ಅದು ಮಿಟುಕುತ್ತಿದ್ದರೆ ಇನ್ನೂ ಸೇರಿಕೊಳ್ಳುತ್ತಿದೆ, ನಾಲ್ಕೈದು ನಿಮಿಷ ಬಿಡಿ. ಲಾಸ್ ಕೆಂಪಾಗಿ ಮಿಟುಕಿದರೆ ಬೆಳಕೇ ಬರುತ್ತಿಲ್ಲ: ಗೋವಿನಜೋಳದ ಮೇವು ಎತ್ತರಕ್ಕೆ ಹೇರಿದ ಟ್ರ್ಯಾಕ್ಟರ್‌ಗೆ ಸಿಕ್ಕಿ ಕೇಬಲ್ ಹರಿದಿರಬಹುದು, ಮಂಗ ಜಿಗಿದು ಜಗ್ಗಿರಬಹುದು, ಮನೆಯೊಳಗೇ ಬೀರು ಸರಿಸುವಾಗ ಕೇಬಲ್ ಮಡಚಿ ಮುರಿದಿರಬಹುದು. ಆಗ ನೀವು ಮಾಡುವುದು ಏನೂ ಉಳಿದಿಲ್ಲ, ದೂರು ಕೊಡಿ. ಪಾನ್ ಸರಿಯಿದ್ದು ‘ಇಂಟರ್‌ನೆಟ್’ ದೀಪ ಮಾತ್ರ ಹತ್ತದಿದ್ದರೆ ಲಾಗಿನ್ ಆಗಿಲ್ಲ ಎಂದು ತಿಳಿಯಿರಿ. ರೀಚಾರ್ಜ್ ಮುಗಿದಿದೆಯೇ ಎಂದು ಮೊದಲು ನೋಡಿ.

2. ಆಫ್-ಆನ್ ಮಾಡುವುದಿದ್ದರೆ ಕ್ರಮವಾಗಿ ಮಾಡಿ. ಎಲ್ಲವನ್ನೂ ಆರಿಸಿ, ಅರ್ಧ ನಿಮಿಷ ಬಿಡಿ. ಮೊದಲು ಫೈಬರ್ ಡಬ್ಬಿ ಹಚ್ಚಿ, ಅದರ ಪಾನ್ ದೀಪ ನಿಂತು ಉರಿಯುವವರೆಗೆ ಕಾಯಿರಿ. ನಂತರ ನಿಮ್ಮ ಸ್ವಂತ ರೂಟರ್ ಇದ್ದರೆ ಅದು. ಆಮೇಲೆ ಪ್ರಿಂಟರ್, ಕ್ಯಾಮೆರಾದ ಡಿವಿಆರ್, ಕಂಪ್ಯೂಟರ್. ಕರೆಂಟ್ ಬಂದಾಗ ಎಲ್ಲವೂ ಒಟ್ಟಿಗೆ ಏಳುತ್ತವೆ. ರೂಟರ್ ಇನ್ನೂ ತಯಾರಾಗುವ ಮೊದಲೇ ಪ್ರಿಂಟರ್ ವಿಳಾಸ ಕೇಳಿ, ಉತ್ತರ ಸಿಗದೆ ಸುಮ್ಮನಾಗಿಬಿಡುತ್ತದೆ. ಕಾಯುವುದರ ಕಾರಣ ಅಷ್ಟೇ.

3. ವಿಳಾಸ ನೋಡಿ. ಮೊಬೈಲ್‌ನಲ್ಲಿ ವೈಫೈ ಹೆಸರಿನ ಪಕ್ಕದ ಗುರುತನ್ನು ಒತ್ತಿದರೆ ಐಪಿ ವಿಳಾಸ ಮತ್ತು ‘ಗೇಟ್‌ವೇ’, ಅಂದರೆ ರೂಟರ್‌ನ ಸಂಖ್ಯೆ, ಕಾಣುತ್ತವೆ. ಕಂಪ್ಯೂಟರ್‌ನಲ್ಲಿ ವಿಂಡೋಸ್ ಕೀ ಒತ್ತಿ, ಇಂಗ್ಲಿಷಿನಲ್ಲಿ ‘ಸಿ-ಎಂ-ಡಿ’ ಎಂಬ ಮೂರು ಅಕ್ಷರ ಟೈಪಿಸಿ ಎಂಟರ್ ಒತ್ತಿ. ತೆರೆದ ಕಪ್ಪು ಪರದೆಯಲ್ಲಿ ‘ಐ-ಪಿ-ಸಿ-ಓ-ಎನ್-ಎಫ್-ಐ-ಜಿ’ ಎಂದು ಜಾಗ ಬಿಡದೆ ಟೈಪಿಸಿ. ವಿಳಾಸ 192.168 ಎಂದೋ 10 ಎಂದೋ ಶುರುವಾದರೆ ರೂಟರ್ ವಿಳಾಸ ಕೊಟ್ಟಿದೆ. 169.254 ಎಂದು ಶುರುವಾದರೆ ಕಂಪ್ಯೂಟರ್ ಕೇಳಿ ಕೇಳಿ ಉತ್ತರ ಸಿಗದೆ ತಾನೇ ಒಂದು ಸಂಖ್ಯೆ ಇಟ್ಟುಕೊಂಡಿದೆ. ಆಗ ತೊಂದರೆ ಇರುವುದು ನಿಮಗೂ ರೂಟರ್‌ಗೂ ನಡುವೆ: ತಂತಿ ಸಡಿಲ, ಇಲ್ಲವೇ ರೂಟರ್ ಪೂರ್ತಿ ಎದ್ದಿಲ್ಲ.

4. ಸಂಖ್ಯೆಯಿಂದ ಕರೆಯಿರಿ, ಆಮೇಲೆ ಹೆಸರಿನಿಂದ. ಇಡೀ ಲೇಖನದಲ್ಲಿ ಒಂದೇ ಪರೀಕ್ಷೆ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಅದೇ ಕಪ್ಪು ಪರದೆಯಲ್ಲಿ ‘ಪಿ-ಐ-ಎನ್-ಜಿ’ ಎಂದು ಬರೆದು, ಜಾಗ ಬಿಟ್ಟು, ಗೇಟ್‌ವೇ ಸಂಖ್ಯೆ ಹಾಕಿ. ಉತ್ತರ ಬಂದರೆ ರೂಟರ್‌ವರೆಗೆ ದಾರಿ ಇದೆ. ಮುಂದೆ 8.8.8.8 ಹಾಕಿ. ಉತ್ತರ ಬಂದರೆ ಹೊರಲೋಕದವರೆಗೆ ದಾರಿ ಇದೆ. ಮೂರನೆಯದಾಗಿ ಗೂಗಲ್ ಡಾಟ್ ಕಾಮ್ ಎಂದು ಹೆಸರು ಹಾಕಿ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಮಾತ್ರ ಬರದಿದ್ದರೆ ನಿಮ್ಮ ನೆಟ್ ಹೋಗಿಲ್ಲ, ಡಿಎನ್‌ಎಸ್ ಹೋಗಿದೆ. ಗೇಟ್‌ವೇ ಸಿಕ್ಕಿ 8.8.8.8 ಸಿಗದಿದ್ದರೆ ತೊಂದರೆ ರೂಟರ್‌ನ ಆಚೆಗಿದೆ.

ಮೊಬೈಲ್ ಮಾತ್ರ ಇದ್ದವರಿಗೂ ಒಂದು ಸುಳಿವು ಇದೆ. ವಾಟ್ಸ್‌ಆ್ಯಪ್ ಸಂದೇಶ ಬರುತ್ತಿದ್ದು ಕ್ರೋಮ್‌ನಲ್ಲಿ ಮಾತ್ರ ಯಾವ ಪುಟವೂ ತೆರೆಯದಿದ್ದರೆ ಹೆಸರಿನ ತೊಡಕನ್ನೇ ಶಂಕಿಸಿ. ಮೊದಲೇ ಸಂಪರ್ಕ ಕಟ್ಟಿಕೊಂಡ ಆ್ಯಪ್ ಮತ್ತೆ ಹೆಸರು ಕೇಳದೆ ಅದೇ ಸಂಪರ್ಕದಲ್ಲಿ ನಡೆಯುತ್ತಿರುತ್ತದೆ. ಕ್ರೋಮ್ ತೋರಿಸುವ ‘ಡಿಎನ್‌ಎಸ್ ಪ್ರೋಬ್’ ಎಂದು ಆರಂಭವಾಗುವ ಸಂದೇಶವೂ ಅತ್ತಲೇ ಬೆರಳು ತೋರಿಸುತ್ತದೆ.

5. ಒಂದೇ ತಾಣವೋ, ಎಲ್ಲವೋ? ಬೆಳೆ ವಿಮೆ, ನೋಂದಣಿ, ಫಲಿತಾಂಶದ ದಿನಗಳಲ್ಲಿ ಸಾವಿರಾರು ಜನ ಒಂದೇ ತಾಣಕ್ಕೆ ಮುಗಿಬೀಳುತ್ತಾರೆ. ಅದೊಂದು ತೆರೆಯದೆ ಉಳಿದವೆಲ್ಲ ತೆರೆಯುತ್ತಿದ್ದರೆ ರೂಟರ್ ಮುಟ್ಟಬೇಡಿ. ಮೊಬೈಲ್‌ನ ವೈಫೈ ಆರಿಸಿ, ಸಿಮ್‌ನ ಡೇಟಾದಲ್ಲಿ ಅದೇ ತಾಣ ತೆರೆದು ನೋಡಿ. ಅಲ್ಲೂ ತೆರೆಯದಿದ್ದರೆ ತಾಣವೇ ನಿಂತಿದೆ.

6. ಹೆಸರು ಹೇಳುವವರಲ್ಲಿ ತಪ್ಪಿದ್ದು ಯಾರು? ಸಾಮಾನ್ಯವಾಗಿ ಕಂಪ್ಯೂಟರ್ ರೂಟರನ್ನು ಕೇಳುತ್ತದೆ, ರೂಟರ್ ಕಂಪನಿಯ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ‘ಎನ್-ಎಸ್-ಎಲ್-ಓ-ಓ-ಕೆ-ಯು-ಪಿ’ ಎಂದು ಬರೆದು, ಜಾಗ ಬಿಟ್ಟು ಗೂಗಲ್ ಡಾಟ್ ಕಾಮ್, ಮತ್ತೆ ಜಾಗ ಬಿಟ್ಟು 8.8.8.8 ಎಂದು ಕೊಡಿ. ಇದು ರೂಟರನ್ನು ಬಿಟ್ಟು ನೇರವಾಗಿ ಗೂಗಲ್‌ನ ಸರ್ವರನ್ನೇ ಕೇಳುತ್ತದೆ. ಇಲ್ಲಿ ಉತ್ತರ ಬಂದು, ಕೊನೆಯ ಸಂಖ್ಯೆ ಬಿಟ್ಟು ಕೇಳಿದಾಗ ಬರದಿದ್ದರೆ ದೋಷ ರೂಟರ್‌ನದು ಇಲ್ಲವೇ ಕಂಪನಿಯ ಡಿಎನ್‌ಎಸ್‌ನದು.

ಮೊಬೈಲ್ ಒಂದರಲ್ಲಿ ಮಾತ್ರ ಹೀಗಾಗುತ್ತಿದ್ದರೆ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ನೋಡಿ. ಆಂಡ್ರಾಯ್ಡ್ 9ರಿಂದ ಬಂದಿರುವ ಈ ಸೌಲಭ್ಯದಲ್ಲಿ, ಜಾಹೀರಾತು ತಡೆಯಲೆಂದು ಯಾರೋ ಹೇಳಿದ ಹೆಸರನ್ನು ಹಲವರು ತುಂಬಿರುತ್ತಾರೆ. ಆ ಸರ್ವರ್ ನಿಂತರೆ ಮೊಬೈಲ್‌ಗೆ ಯಾವ ಹೆಸರೂ ಸಿಗದು. ಅದನ್ನು ‘ಆಟೊಮ್ಯಾಟಿಕ್’ಗೆ ತನ್ನಿ.

7. ಡಿಎನ್‌ಎಸ್ ಬದಲಿಸಿ. ಮೊದಲು ‘ಐ-ಪಿ-ಸಿ-ಓ-ಎನ್-ಎಫ್-ಐ-ಜಿ’, ಜಾಗ, ಓರೆಗೆರೆ, ‘ಎಫ್-ಎಲ್-ಯು-ಎಸ್-ಎಚ್-ಡಿ-ಎನ್-ಎಸ್’ ಎಂದು ಕೊಟ್ಟು ಕಂಪ್ಯೂಟರ್ ನೆನಪಿಟ್ಟುಕೊಂಡ ಹಳೆಯ ಉತ್ತರಗಳನ್ನು ಅಳಿಸಿ. ಅದರಿಂದಲೂ ಸರಿಯಾಗದಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಅನ್ನು ‘ಮ್ಯಾನ್ಯುಯಲ್’ ಮಾಡಿ 8.8.8.8 ಮತ್ತು 8.8.4.4 ಹಾಕಿ. ಇವು ಗೂಗಲ್ 2009ರಲ್ಲಿ ತೆರೆದ ಸರ್ವರ್‌ಗಳು. ಕ್ಲೌಡ್‌ಫ್ಲೇರ್‌ನ 1.1.1.1 ಮತ್ತು 1.0.0.1 ಕೂಡ ಆಗಬಹುದು. ಅವು 2018ರ ಏಪ್ರಿಲ್‌ನಿಂದ ಇವೆ. ಬದಲಿಸುವ ಮೊದಲು ಅಲ್ಲಿ ಇದ್ದುದನ್ನು ಮೊಬೈಲ್‌ನಲ್ಲಿ ಫೋಟೊ ಹೊಡೆದಿಡಿ. ಮಾರನೆಯ ದಿನ ಹಳೆಯದಕ್ಕೆ ಮರಳಿ ನೋಡಿ. ಕಂಪನಿಯ ಸರ್ವರ್ ಸರಿಹೋಗಿದ್ದರೆ ಅದನ್ನೇ ಇಟ್ಟುಕೊಳ್ಳುವುದು ಮೇಲು. ಅದರ ಕಾರಣ ಮುಂದೆ ಹೇಳಿದೆ.

ಅಂಗಡಿಯ ಪ್ರಿಂಟರ್, ಒಳಗಿನ ಕಂಪ್ಯೂಟರ್

ಹೊರಗಿನ ಪುಟಗಳೆಲ್ಲ ತೆರೆಯುತ್ತವೆ, ಆದರೆ “ಪ್ರಿಂಟರ್ ಸಿಗವಲ್ದು” ಎನ್ನುವವರ ತೊಂದರೆಗೆ ಕಂಪನಿಯವರು ಜವಾಬ್ದಾರರಲ್ಲ, ಅವರಿಂದ ಪರಿಹಾರವೂ ಸಿಗುವುದಿಲ್ಲ. ಇದು ಪೂರ್ತಿ ಮನೆಯೊಳಗಿನ ವಿಷಯ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ರೂಟರ್ ಪ್ರತಿ ಸಾಧನಕ್ಕೂ ವಿಳಾಸವನ್ನು ಬಾಡಿಗೆಗೆ ಕೊಡುತ್ತದೆ. ಹಲವು ರೂಟರ್‌ಗಳಲ್ಲಿ ಆ ಬಾಡಿಗೆಯ ಅವಧಿ 24 ತಾಸು. ಯಾರಿಗೆ ಯಾವ ಸಂಖ್ಯೆ ಕೊಟ್ಟೆ ಎಂಬ ಲೆಕ್ಕವನ್ನು ಮನೆಯ ಅಗ್ಗದ ರೂಟರ್‌ಗಳು ಕರೆಂಟ್ ಹೋದೊಡನೆ ಮರೆತುಬಿಡಬಹುದು. ಕರೆಂಟ್ ಬಂದಾಗ ಮೊದಲು ಎದ್ದವರಿಗೆ ಮೊದಲ ಸಂಖ್ಯೆ. ನಿನ್ನೆ 192.168.1.5 ಆಗಿದ್ದ ಪ್ರಿಂಟರ್ ಇಂದು 192.168.1.9 ಆಗುತ್ತದೆ. ಕಂಪ್ಯೂಟರ್ ಇನ್ನೂ 5ರ ಬಾಗಿಲು ಬಡಿಯುತ್ತಿರುತ್ತದೆ. ಅಲ್ಲಿ ಈಗ ಯಾರದೋ ಮೊಬೈಲ್ ಇದೆ. ‘ಆಫ್‌ಲೈನ್’ ಎಂಬ ಸಂದೇಶದ ಹಿಂದಿನ ಕಥೆ ಸಾಮಾನ್ಯವಾಗಿ ಇಷ್ಟೇ.

ಇದಕ್ಕೆ ಶಾಶ್ವತ ಪರಿಹಾರ, ಪ್ರಿಂಟರ್‌ಗೆ ಒಂದು ಸಂಖ್ಯೆಯನ್ನು ಕಾಯ್ದಿರಿಸುವುದು:

1. ಬ್ರೌಸರ್‌ನ ವಿಳಾಸದ ಜಾಗದಲ್ಲಿ ಗೇಟ್‌ವೇ ಸಂಖ್ಯೆ ಹಾಕಿ. ಸಾಮಾನ್ಯವಾಗಿ 192.168.1.1 ಇಲ್ಲವೇ 192.168.0.1. ಬಳಕೆದಾರರ ಹೆಸರು, ಪಾಸ್‌ವರ್ಡ್ ಡಬ್ಬಿಯ ಕೆಳಗಿನ ಚೀಟಿಯಲ್ಲಿರುತ್ತದೆ. ಅಲ್ಲಿರುವುದು ಹೊಂದದಿದ್ದರೆ ಸಂಪರ್ಕ ಕೊಟ್ಟವರನ್ನು ಕೇಳಿ.

2. ‘ಲ್ಯಾನ್’ ಅಥವಾ ‘ಡಿಎಚ್‌ಸಿಪಿ’ ಪುಟದಲ್ಲಿ ಸೇರಿಕೊಂಡ ಸಾಧನಗಳ ಪಟ್ಟಿ ಇದೆ. ಪ್ರಿಂಟರ್ ಯಂತ್ರದ ಗುರುತಾದ ‘ಮ್ಯಾಕ್’ ಸಂಖ್ಯೆಯನ್ನು ಹುಡುಕಿಕೊಳ್ಳಿ. ಪ್ರಿಂಟರ್‌ನಿಂದಲೇ ನೆಟ್‌ವರ್ಕ್ ವಿವರದ ಹಾಳೆ ಮುದ್ರಿಸಿದರೆ ಅದರಲ್ಲಿ ಈ ಸಂಖ್ಯೆ ಸಿಗುತ್ತದೆ.

3. ‘ರಿಸರ್ವೇಶನ್’ ಅಥವಾ ‘ಸ್ಟ್ಯಾಟಿಕ್ ಡಿಎಚ್‌ಸಿಪಿ’ ಎಂಬಲ್ಲಿ ಆ ಮ್ಯಾಕ್‌ಗೆ 192.168.1.50 ಎಂಬಂತೆ ಒಂದು ಸಂಖ್ಯೆ ಕೊಟ್ಟು ಉಳಿಸಿ. ಮೊದಲ ಮೂರು ಭಾಗ ನಿಮ್ಮ ಗೇಟ್‌ವೇಗೆ ಹೊಂದಬೇಕು.

4. ಪ್ರಿಂಟರ್ ಆರಿಸಿ ಹಚ್ಚಿ. ಕಂಪ್ಯೂಟರ್‌ನಲ್ಲಿ ಹಳೆಯ ಪ್ರಿಂಟರ್ ತೆಗೆದುಹಾಕಿ, ಹೊಸದಾಗಿ ಸೇರಿಸುವಾಗ ತಾನಾಗಿ ಹುಡುಕಲು ಬಿಡದೆ ‘ಟಿಸಿಪಿ/ಐಪಿ ವಿಳಾಸದಿಂದ ಸೇರಿಸು’ ಎಂಬ ಆಯ್ಕೆ ತೆಗೆದುಕೊಂಡು 192.168.1.50 ಹಾಕಿ.

ಇನ್ನು ಕರೆಂಟ್ ದಿನಕ್ಕೆ ಹತ್ತು ಸಲ ಹೋಗಿ ಬಂದರೂ ಪ್ರಿಂಟರ್ ಅದೇ ಜಾಗದಲ್ಲಿರುತ್ತದೆ. ಅರ್ಜಿ, ಆಧಾರ್ ಪ್ರತಿ, ಪಹಣಿ ಎಂದು ದಿನವಿಡೀ ಮುದ್ರಿಸುವ ಅಂಗಡಿಗೆ ಇಷ್ಟು ಕಡಿಮೆ ಶ್ರಮದಲ್ಲಿ ಇಷ್ಟು ಲಾಭ ಕೊಡುವ ಕೆಲಸ ಮತ್ತೊಂದಿಲ್ಲ ಎಂದೇ ನನ್ನ ತೀರ್ಮಾನ. ಡಿವಿಆರ್‌ಗೂ ಟ್ಯಾಲಿ ಇರುವ ಕಂಪ್ಯೂಟರ್‌ಗೂ ಇದೇ ರೀತಿ ಸಂಖ್ಯೆ ಕಾಯ್ದಿರಿಸಿ.

ಈಗ ಟ್ಯಾಲಿ ಕಂಪ್ಯೂಟರ್. ಅದರ ಹೆಸರು ‘ಅಂಗಡಿ-1’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಇದೆ ಎಂದುಕೊಳ್ಳಿ. ಇನ್ನೊಂದು ಕಂಪ್ಯೂಟರ್‌ನ ಕಪ್ಪು ಪರದೆಯಲ್ಲಿ ಆ ಹೆಸರಿಗೆ ಪಿಂಗ್ ಮಾಡಿ. ಇಲ್ಲೊಂದು ಸೂಕ್ಷ್ಮ ಇದೆ. ಉತ್ತರ ಬಾರದಿದ್ದರೂ ಮೊದಲ ಸಾಲಿನಲ್ಲಿ ಹೆಸರಿನ ಮುಂದೆ ಸಂಖ್ಯೆ ಕಂಡರೆ ಹೆಸರು ಸಿಕ್ಕಿದೆ. ವಿಂಡೋಸ್‌ನ ಫೈರ್‌ವಾಲ್ ಪಿಂಗ್‌ಗೆ ಮಾತ್ರ ಉತ್ತರ ತಡೆದಿದೆ. ಅಲ್ಲಿ ‘ಎಫ್‌ಇ80’ ಎಂದು ಶುರುವಾಗುವ ಉದ್ದದ ಸಂಖ್ಯೆ ಬಂದರೂ ಹೆಸರು ಸಿಕ್ಕಿದೆ ಎಂದೇ ಅರ್ಥ. ‘ಹೋಸ್ಟ್ ಸಿಗಲಿಲ್ಲ’ ಎಂಬ ಅರ್ಥದ ಸಂದೇಶ ಬಂದರೆ ಮಾತ್ರ ಹೆಸರಿನ ತೊಂದರೆ. ಆಗ ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸದ ಪಟ್ಟಿಯಲ್ಲಿ ಎರಡು ಹಿಂದೋರೆ ಗೆರೆ ಹಾಕಿ, ಹೆಸರಿನ ಬದಲು ಸಂಖ್ಯೆ ಬರೆದು ನೋಡಿ. ಕಡತಗಳು ತೆರೆದರೆ ಲೆಕ್ಕ ಸುರಕ್ಷಿತವಾಗಿದೆ. ಅವತ್ತಿನ ವ್ಯಾಪಾರ ನಿಲ್ಲಿಸದೆ ಸಂಖ್ಯೆಯಿಂದಲೇ ನಡೆಸಿ, ಬಿಡುವಾದಾಗ ಕೆಳಗಿನವನ್ನು ಪರೀಕ್ಷಿಸಿ.

ನೆಟ್‌ವರ್ಕ್ ‘ಪಬ್ಲಿಕ್’ ಆಗಿದೆಯೇ? ರೂಟರ್ ಬದಲಾಯಿಸಿದಾಗ ವಿಂಡೋಸ್ ಅದನ್ನು ಹೊಸ ಜಾಗವೆಂದು ತಿಳಿದು ‘ಪಬ್ಲಿಕ್’ ಎಂದು ಗುರುತಿಸಬಹುದು. ಬಸ್ ನಿಲ್ದಾಣದ ವೈಫೈನಲ್ಲಿ ಅಪರಿಚಿತರಿಗೆ ನಿಮ್ಮ ಕಂಪ್ಯೂಟರ್ ಕಾಣಬಾರದೆಂದು ಮಾಡಿದ ಏರ್ಪಾಡು ಅದು. ಮನೆಯಲ್ಲೂ ಅಂಗಡಿಯಲ್ಲೂ, ನಿಮ್ಮದೇ ವೈಫೈಗೆ ಮಾತ್ರ, ‘ಪ್ರೈವೇಟ್’ ಆಯ್ದು ‘ನೆಟ್‌ವರ್ಕ್ ಡಿಸ್ಕವರಿ’ ಚಾಲೂ ಮಾಡಿ. ಎರಡೂ ಕಂಪ್ಯೂಟರ್‌ಗಳಲ್ಲಿ ಮಾಡಬೇಕು.

ಹೆಸರು ನೆಟ್ಟಗಿದೆಯೇ? ಕಂಪ್ಯೂಟರ್‌ನ ಹೆಸರು 15 ಅಕ್ಷರ ಮೀರದಿರಲಿ. ಇಂಗ್ಲಿಷ್ ಅಕ್ಷರ, ಅಂಕಿ, ನಡುಗೆರೆ ಸಾಕು, ಜಾಗ ಬಿಡಬೇಡಿ. ಒಂದೇ ಹೆಸರಿನ ಎರಡು ಕಂಪ್ಯೂಟರ್ ಇದ್ದರೆ ಕೂಗಿಗೆ ಇಬ್ಬರು ಓಗೊಟ್ಟು ಗೊಂದಲವಾಗುತ್ತದೆ.

ವಿಂಡೋಸ್‌ನ ಆವೃತ್ತಿ ಯಾವುದು? 2017ರ ಕೊನೆಯಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ, ಹೊಸದಾಗಿ ಹಾಕಿದ ಕಂಪ್ಯೂಟರ್‌ಗಳಲ್ಲಿ ‘ಎಸ್‌ಎಂಬಿ-1’ ಎಂಬ ಹಳೆಯ ಹಂಚಿಕೆಯ ಪದ್ಧತಿಯನ್ನು ಮೈಕ್ರೋಸಾಫ್ಟ್ ಕೈಬಿಟ್ಟಿದೆ. ಆ ಪದ್ಧತಿಯನ್ನೇ ನಂಬಿದ ಹಳೆಯ ಕಂಪ್ಯೂಟರ್ ಸಿಗದಿದ್ದಾಗ ಅದನ್ನು ಮತ್ತೆ ಚಾಲೂ ಮಾಡಿ ಎಂದು ಸಲಹೆ ಕೊಡುವವರು ಬಹಳ ಮಂದಿ. ಮಾಡಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನ ಉದ್ದಗಲಕ್ಕೂ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದ ವಾನಾಕ್ರೈ ಹರಡಿದ್ದು ಅದೇ ಪದ್ಧತಿಯಲ್ಲಿದ್ದ ದೋಷದಿಂದ. ಹತ್ತು ವರ್ಷದ ಲೆಕ್ಕ ಇರುವ ಕಂಪ್ಯೂಟರ್‌ನಲ್ಲಿ ಆ ಬಾಗಿಲು ತೆರೆಯುವುದು ತರವಲ್ಲ.

ಐಫೋನ್ ಇದ್ದವರು ಸೆಟ್ಟಿಂಗ್ಸ್‌ನಲ್ಲಿ ‘ಲೋಕಲ್ ನೆಟ್‌ವರ್ಕ್’ ಅನುಮತಿ ಪರೀಕ್ಷಿಸಿ. 2020ರ ಐಒಎಸ್ 14ರಿಂದ ಈ ಅನುಮತಿ ಕೊಡದ ಆ್ಯಪ್‌ಗೆ ಮನೆಯ ಸಾಧನಗಳು ಕಾಣುವುದಿಲ್ಲ.

ಎರಡು ಡಬ್ಬಿಯ ತೊಡಕು

ಸವಣೂರಿನ ಹಳೆಯ ಪೇಟೆಯಲ್ಲಿರುವಂಥ ದಪ್ಪ ಮಣ್ಣಿನ ಗೋಡೆಯ ಮನೆಗಳಲ್ಲಿ ವೈಫೈ ಹಿಂದಿನ ಕೋಣೆ ಮುಟ್ಟುವುದಿಲ್ಲ. ಆಗ ಇನ್ನೊಂದು ರೂಟರ್ ತಂದು ಹಚ್ಚುತ್ತೇವೆ. ಫೈಬರ್ ಡಬ್ಬಿಯೂ ರೂಟರ್ ಆಗಿಯೇ ಕೆಲಸ ಮಾಡುತ್ತಿರುತ್ತದೆ, ಹೊಸದೂ ರೂಟರ್. ಎರಡೂ ಬೇರೆ ಬೇರೆ ವಿಳಾಸ ಹಂಚುತ್ತವೆ. ಇಂಟರ್‌ನೆಟ್ ಎರಡರಲ್ಲೂ ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಮುಂದಿನ ವೈಫೈಗೆ ಸೇರಿದ ಪ್ರಿಂಟರ್ ಹಿಂದಿನ ವೈಫೈನಲ್ಲಿರುವ ಮೊಬೈಲ್‌ಗೆ ಮಾತ್ರ ಕಾಣದು.

ಎರಡನೆಯ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಮಾಡಿದರೆ ಎರಡೂ ಒಂದೇ ಓಣಿಯಾಗುತ್ತವೆ. ಆ ಹೆಸರಿನ ಆಯ್ಕೆ ಸೆಟ್ಟಿಂಗ್‌ನಲ್ಲಿಯೇ ಇದ್ದರೆ ಅದನ್ನು ಒತ್ತಿದರೆ ಆಯಿತು. ಇಲ್ಲದಿದ್ದರೆ ಎರಡನೆಯದರ ವಿಳಾಸವನ್ನು 192.168.1.2 ಮಾಡಿ, ವಿಳಾಸ ಹಂಚುವ ಅದರ ಡಿಎಚ್‌ಸಿಪಿಯನ್ನು ಆಫ್ ಮಾಡಿ, ಮೊದಲನೆಯದರಿಂದ ಬರುವ ತಂತಿಯನ್ನು ಇದರ ‘ವ್ಯಾನ್’ ಕಿಂಡಿಗೆ ಹಾಕದೆ ‘ಲ್ಯಾನ್’ ಕಿಂಡಿಗೆ ಹಾಕಿ. ಮೊದಲನೆಯದು 192.168.1.1 ಆಗಿದ್ದರೆ ಮಾತ್ರ ಈ ಸಂಖ್ಯೆ ಹೊಂದುತ್ತದೆ. ಆ ಸಂಖ್ಯೆ ಬೇರೆ ಯಾವ ಸಾಧನದ ಬಳಿಯೂ ಇಲ್ಲ ಎಂಬುದನ್ನು ಪಟ್ಟಿಯಲ್ಲಿ ನೋಡಿಕೊಳ್ಳಿ.

ಗ್ರಾಹಕರಿಗೆಂದು ‘ಗೆಸ್ಟ್’ ವೈಫೈ ಇಟ್ಟಿದ್ದರೆ ಒಳ್ಳೆಯದೇ, ಆದರೆ ಅದರಲ್ಲಿ ಸೇರಿದವರಿಗೆ ಪ್ರಿಂಟರ್ ಕಾಣದು. ಕಾಣಬಾರದೆಂದೇ ಅದು ಇರುವುದು. ನಿಮ್ಮ ಮೊಬೈಲ್ ತಪ್ಪಿ ಅದಕ್ಕೆ ಸೇರಿಕೊಂಡಿದೆಯೇ ನೋಡಿ. ಮುಖ್ಯ ವೈಫೈನಲ್ಲಿ ‘ಎಪಿ ಐಸೋಲೇಶನ್’ ಚಾಲೂ ಇದ್ದರೂ ಫಲ ಇದೇ. ಹಲವು ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು ಎಂಬುದನ್ನೂ ಮರೆಯಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸೂಜಿ ಹಾಕಿ ‘ರೀಸೆಟ್’ ಒತ್ತುವುದು. ಎಲ್ಲಕ್ಕಿಂತ ದುಬಾರಿ ತಪ್ಪು ಇದು. ಆ ಸಣ್ಣ ತೂತಿನ ಗುಂಡಿ ಆಫ್-ಆನ್ ಮಾಡುವುದಕ್ಕಲ್ಲ; ಡಬ್ಬಿಯನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಒಯ್ಯುತ್ತದೆ. ಕಂಪನಿಯ ಲಾಗಿನ್ ಅಳಿಸಿಹೋದರೆ ಅರ್ಧ ತಾಸಿನ ತೊಂದರೆ ಲೈನ್‌ಮನ್ ಬರುವವರೆಗಿನ ತೊಂದರೆಯಾಗುತ್ತದೆ.

ಎಲ್ಲ ಕಂಪ್ಯೂಟರ್‌ಗೂ 8.8.8.8 ಹಾಕಿ ಮರೆತುಬಿಡುವುದು. ಹೊರಗಿನ ಹೆಸರೆಲ್ಲ ಸಿಗುತ್ತವೆ, ನಿಜ. ಆದರೆ ಹಲವು ರೂಟರ್‌ಗಳು ಮನೆಯ ಸಾಧನಗಳ ಹೆಸರನ್ನು ತಾವೇ ಹೇಳುತ್ತವೆ. ಗೂಗಲ್‌ನ ಸರ್ವರ್‌ಗೆ ನಿಮ್ಮ ಅಂಗಡಿಯ ಪ್ರಿಂಟರ್ ಗೊತ್ತಿಲ್ಲ. ಹಳೆಯದಕ್ಕೆ ಮರಳಿ ನೋಡಿ ಎಂದು ಮೇಲೆ ಹೇಳಿದ್ದು ಇದಕ್ಕೇ.

ರೂಟರ್‌ನ ಪಾಸ್‌ವರ್ಡ್ ಬದಲಿಸದೆ ಬಿಡುವುದು. ಒಳಗೆ ಹೊಕ್ಕವರು ಡಿಎನ್‌ಎಸ್ ಸಂಖ್ಯೆ ಬದಲಿಸಿದರೆ ನೀವು ಬ್ಯಾಂಕಿನ ಹೆಸರು ಟೈಪಿಸಿದರೂ ಕಳ್ಳರ ಪುಟಕ್ಕೆ ಹೋಗಬಹುದು. ಡಿಎನ್‌ಎಸ್ ಚೇಂಜರ್ ಎಂಬ ದುಷ್ಟ ತಂತ್ರಾಂಶ ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಹೀಗೇ ಮಾಡಿತ್ತು. ಅಮೆರಿಕದ ಎಫ್‌ಬಿಐ 2011ರಲ್ಲಿ ಆ ಜಾಲವನ್ನು ಹಿಡಿಯಿತು. ಜನರ ನೆಟ್ ಒಮ್ಮೆಲೇ ನಿಲ್ಲದಿರಲೆಂದು ಇಟ್ಟಿದ್ದ ತಾತ್ಕಾಲಿಕ ಸರ್ವರ್‌ಗಳನ್ನು 2012ರ ಜುಲೈ 9ರಂದು ಮುಚ್ಚಲಾಯಿತು. ನಿಮ್ಮ ರೂಟರ್‌ನ ಡಿಎನ್‌ಎಸ್ ಜಾಗದಲ್ಲಿ ನೀವೂ ಹಾಕದ, ಕಂಪನಿಯವರೂ ನಮ್ಮದೆನ್ನದ ಸಂಖ್ಯೆ ಇದ್ದರೆ ಕೂಡಲೇ ತೆಗೆಸಿ.

ಕ್ಯಾಮೆರಾ ಹೊರಗಿನಿಂದ ಕಾಣಲಿ ಎಂದು ‘ಪೋರ್ಟ್ ಫಾರ್ವರ್ಡಿಂಗ್’ನಲ್ಲಿ ಒದ್ದಾಡುವುದು. ರೂಟರ್‌ನ ಹೊರ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ. ಫಾರ್ವರ್ಡಿಂಗ್ ನಡೆಯದು. ಡಿವಿಆರ್ ಕಂಪನಿಯ ಆ್ಯಪ್‌ನಲ್ಲಿ ಕ್ಯೂಆರ್ ಕೋಡ್‌ನಿಂದ ಸೇರಿಸಿಕೊಳ್ಳಿ.

ಎಚ್ಚರಿಕೆ

ಬಿಚ್ಚಿದ ಫೈಬರ್‌ನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಅದರಲ್ಲಿ ಹರಿಯುವ ಲೇಸರ್ ಕಣ್ಣಿಗೆ ಕಾಣದು. ಮುರಿದ ಎಳೆ ಗಾಜಿನದು, ಬೆರಳಿಗೆ ಚುಚ್ಚಿದರೆ ಹುಡುಕಿ ತೆಗೆಯುವುದು ಕಷ್ಟ. ಮಕ್ಕಳನ್ನು ದೂರ ಇಡಿ.

ಅಡಾಪ್ಟರ್ ಸುಟ್ಟರೆ ಸೆಟ್‌ಟಾಪ್ ಬಾಕ್ಸಿನದನ್ನೋ ಸ್ಪೀಕರಿನದನ್ನೋ ಹಚ್ಚಬೇಡಿ. ಪಿನ್ ಕೂತ ಮಾತ್ರಕ್ಕೆ ವೋಲ್ಟ್ ಹೊಂದುವುದಿಲ್ಲ. ಡಬ್ಬಿಯ ಮೇಲೆ 12 ವೋಲ್ಟ್ ಎಂದಿದ್ದರೆ 12 ವೋಲ್ಟ್‌ದೇ ಬೇಕು. ಆಂಪಿಯರ್ ಡಬ್ಬಿ ಕೇಳಿದಷ್ಟು ಇಲ್ಲವೇ ಹೆಚ್ಚು ಇರಬೇಕು. ರೂಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ಕೊಳ್ಳುವಾಗಲೂ ಇದನ್ನೇ ನೋಡಿ. ನಮ್ಮ ಕಡೆಯ ಕರೆಂಟ್‌ಗೆ ಅದು ಇದ್ದರೆ ಈ ಲೇಖನದ ಅರ್ಧ ಕೆಲಸ ತಪ್ಪುತ್ತದೆ.

ಗುಡುಗು-ಸಿಡಿಲು ಶುರುವಾದೊಡನೆ ಅಡಾಪ್ಟರ್ ಕಿತ್ತಿಡಿ. ಫೈಬರ್‌ನಲ್ಲಿ ವಿದ್ಯುತ್ ಹರಿಯದು, ಆದರೆ ಕಂಬದಿಂದ ಬರುವ ಕೇಬಲ್‌ಗೆ ಆಸರೆಯಾಗಿ ಉಕ್ಕಿನ ತಂತಿ ಇರುವುದುಂಟು. ಕರೆಂಟಿನ ತಂತಿಯಿಂದಂತೂ ಅಪಾಯ ಇದ್ದೇ ಇದೆ.

ದೂರು ಕೊಡುವಾಗ

“ನೆಟ್ ಬರವಲ್ದು” ಎಂದಷ್ಟೇ ಹೇಳಿದರೆ ಆಫ್-ಆನ್ ಮಾಡಿ ಎಂಬ ಉತ್ತರವೇ ಮತ್ತೆ ಬರುತ್ತದೆ. ಪರೀಕ್ಷೆ ಮಾಡಿದ್ದನ್ನು ಹೇಳಿ: “ಲಾಸ್ ಕೆಂಪಗ ಮಿಟಕಾಕತ್ತೈತ್ರಿ” ಎಂದರೆ ಕೇಬಲ್ ನೋಡುವವರು ಬರಬೇಕೆಂದು ಅವರಿಗೆ ತಿಳಿಯುತ್ತದೆ. “ಪಾನ್ ಸರಿ ಐತಿ, 8.8.8.8ಕ್ಕ ಪಿಂಗ್ ಹೊಕ್ಕೈತಿ, ಹೆಸರಿಗೆ ಹೋಗವಲ್ದು” ಎಂದರೆ ಅವರ ಡಿಎನ್‌ಎಸ್ ನೋಡಬೇಕೆಂದು ಗೊತ್ತಾಗುತ್ತದೆ. ಫೈಬರ್ ಡಬ್ಬಿಯ ಸ್ಟೇಟಸ್ ಪುಟದಲ್ಲಿ ‘ಆರ್‌ಎಕ್ಸ್ ಪವರ್’ ಎಂಬ ಸಂಖ್ಯೆ ಕಾಣುತ್ತಿದ್ದರೆ ಅದನ್ನೂ ಹೇಳಿ. ಅದು ಮೈನಸ್ 27ಕ್ಕಿಂತ ಕೆಳಗೆ, ಅಂದರೆ ಮೈನಸ್ 28, 29ಕ್ಕೆ ಇಳಿದಿದ್ದರೆ ಬೆಳಕು ಕ್ಷೀಣಿಸಿದೆ. ಜೋಡಣೆಯನ್ನು ಅವರೇ ಸರಿಪಡಿಸಬೇಕು.

ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2012ರಲ್ಲಿ ತಂದ ನಿಯಮದಂತೆ ಅದನ್ನು ಕೊಡುವುದು ಕಂಪನಿಯ ಕರ್ತವ್ಯ. ಗೇಟ್‌ವೇ ಸಂಖ್ಯೆ, ಪ್ರಿಂಟರ್‌ಗೆ ಕಾಯ್ದಿರಿಸಿದ ಸಂಖ್ಯೆ, ದೂರಿನ ಫೋನ್ ನಂಬರ್ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ರೂಟರ್ ಪಕ್ಕದ ಗೋಡೆಗೆ ಇವತ್ತೇ ಅಂಟಿಸಿ. ಪಾಸ್‌ವರ್ಡ್ ಮಾತ್ರ ಆ ಚೀಟಿಯಲ್ಲಿ ಬೇಡ.